ಖರ್ಚಿಲ್ಲದ್ದಕ್ಕೆ ಟೆಂಡರ್ ಇಲ್ಲ

ಕಳೆದ ಬೇಸಿಗೆಯಲ್ಲಿ ನಮ್ಮ ತೋಟದ ಬೋರ್‌ವೆಲ್ ಕೇಬಲ್ಲನ್ನು ಕಳ್ಳರು ಕತ್ತರಿಸಿಕೊಂಡು ಹೋದರು. ಸ್ಟಾರ್ಟರ್ ಪೆಟ್ಟಿಗೆಯಿಂದ ಬೋರಿನ ಬಾಯಿಯವರೆಗೆ ನೂರೈವತ್ತು ಅಡಿ. ಹೊತ್ತುಕೊಂಡು ಹೋಗುವ ಕಷ್ಟವನ್ನೂ ಅವರು ಪಟ್ಟಿರಲಿಲ್ಲ. ತೆಂಗಿನ ಗರಿ ಒಟ್ಟಿದ್ದ ಮೂಲೆಯಲ್ಲೇ ಬೆಂಕಿ ಮಾಡಿ, ಮೇಲಿನ ಪ್ಲಾಸ್ಟಿಕ್ ಸುಟ್ಟು, ತಾಮ್ರವನ್ನು ಮಾತ್ರ ಸುತ್ತಿಕೊಂಡು ಹೋಗಿದ್ದರು. ಗರಿ ನಮ್ಮದು, ಬೆಂಕಿಪೊಟ್ಟಣ ಅವರದು. ಕೇಂದ್ರ–ರಾಜ್ಯಗಳ 60:40 ಪಾಲುದಾರಿಕೆ ಎಂದರೆ ಹೀಗೇ ಇರಬೇಕು ಎಂದು ಆಮೇಲೆ ಹೊಳೆಯಿತು.

ದೂರು ಕೊಡೋಣವೆಂದು ಠಾಣೆಗೆ ಹೋದೆ. ಗೇಟಿನ ಮೇಲೆ 'ಜನಸ್ನೇಹಿ' ಎಂಬ ಬೋರ್ಡು ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ಒಳಗೆ ರೈಟರ್ ತಲೆ ಎತ್ತದೆ, "ಅರ್ಜಿ ಬರ್ಕೊಂಡು ಬನ್ನಿ" ಎಂದರು. "ಒಂದು ಹಾಳೆ ಕೊಡಿ, ಇಲ್ಲೇ ಬರೆದುಕೊಡ್ತೀನಿ" ಎಂದೆ. ಮಳೆಗಾಲದಲ್ಲಿ ಬಿಸಿಲು ಕೇಳಿದವನನ್ನು ನೋಡುವಂತೆ ನೋಡಿದರು. "ಎದುರಿಗೆ ಜೆರಾಕ್ಸ್ ಅಂಗಡಿ ಇದೆ. ಹಾಗೇ ಬರುವಾಗ ನಾಲ್ಕು ಖಾಲಿ ಹಾಳೆನೂ ತನ್ನಿ, ಎಫ್‌ಐಆರ್ ಕಾಪಿ ತೆಗಿಯೋಕೆ."

ಜೆರಾಕ್ಸ್ ಅಂಗಡಿಯವನು ನಮ್ಮ ತಾಲ್ಲೂಕಿನ ಅಪರಾಧ ವಿಭಾಗದ ನಿಜವಾದ ಮುಖ್ಯಸ್ಥ. ಕಳವು, ಹೊಡೆದಾಟ, ಜಮೀನಿನ ಬದುವಿನ ಜಗಳ, ಗಂಡ–ಹೆಂಡಿರ ರಂಪ, ಎಲ್ಲಕ್ಕೂ ಅವನ ಕಂಪ್ಯೂಟರಿನಲ್ಲಿ ಮಾದರಿ ಅರ್ಜಿಗಳು ಸಿದ್ಧವಾಗಿವೆ. ಹೆಸರು ಬದಲಿಸಿ, ದಿನಾಂಕ ಬದಲಿಸಿ, ಪ್ರಿಂಟ್ ತೆಗೆದು ಕೊಡುತ್ತಾನೆ. ಐವತ್ತು ರೂಪಾಯಿ. ನನ್ನ ಅರ್ಜಿಯಲ್ಲಿ ಮೊದಲು 'ನಮ್ಮ ಎರಡು ಮೇಕೆಗಳನ್ನು' ಎಂದಿತ್ತು. ಹೇಳಿದ ಮೇಲೆ 'ಕೇಬಲ್' ಎಂದು ತಿದ್ದಿದ.

ಅರ್ಜಿ ಕೊಟ್ಟು ಕಾಯುತ್ತಾ ಕೂತ ಜಾಗದಲ್ಲಿ ಗುಲಾಬಿ ಬಣ್ಣದ ಒಂದು ಫಲಕವಿತ್ತು: 'ಮಹಿಳಾ ಸಹಾಯ ಕೇಂದ್ರ'. ಕೆಳಗೆ ಒಂದು ಒಳ್ಳೆಯ ಮೇಜು, ಎರಡು ಕುರ್ಚಿ. ಮೇಜಿನ ಮೇಲೆ ಯಾವುದೋ ಅಕ್ರಮ ಮದ್ಯದ ಕೇಸಿನಲ್ಲಿ ಜಪ್ತಿಯಾದ ಬಾಕ್ಸುಗಳನ್ನು ಒಂದರ ಮೇಲೊಂದು ಜೋಡಿಸಿದ್ದರು. ಕುರ್ಚಿಗಳಲ್ಲಿ ಒಂದು ಕಂಪ್ಯೂಟರ್ ಮುಂದಕ್ಕೆ ವರ್ಗವಾಗಿತ್ತು. ಇನ್ನೊಂದರಲ್ಲಿ ನಾನು ಕೂತಿದ್ದೆ. "ಇಲ್ಲಿನ ಮೇಡಂ ಎಲ್ಲಿ?" ಎಂದು ಕೇಳಿದೆ. "ಬಂದೋಬಸ್ತಿಗೆ ಹೋಗವ್ರೆ, ಮಂತ್ರಿಗಳ ಪ್ರೋಗ್ರಾಂ ಐತೆ" ಎಂದರು ಸೆಂಟ್ರಿ. ಯಾವ ಪ್ರೋಗ್ರಾಂ ಎಂದು ಆಮೇಲೆ ತಿಳಿಯಿತು. ಮಹಿಳಾ ಸುರಕ್ಷತೆಯ ಜಾಗೃತಿ ಜಾಥಾ.

ಈ ಮೇಜಿಗೆ ಒಂದು ವಂಶಾವಳಿ ಇದೆ. 2019ರಲ್ಲಿ ಕೇಂದ್ರ ಗೃಹ ಇಲಾಖೆ ದೇಶದ 10,000 ಠಾಣೆಗಳಲ್ಲಿ ಮಹಿಳಾ ಸಹಾಯ ಕೇಂದ್ರ ತೆರೆಯಲು, ಹೆಣ್ಣುಮಕ್ಕಳ ಸುರಕ್ಷತೆಗೆಂದೇ ಇರುವ ನಿರ್ಭಯಾ ನಿಧಿಯಿಂದ 100 ಕೋಟಿ ಮಂಜೂರು ಮಾಡಿತು. ಠಾಣೆಗೆ ಒಂದು ಲಕ್ಷ. ಒಂದು ಲಕ್ಷಕ್ಕೆ ಮೇಜು ಬರುತ್ತದೆ, ಕುರ್ಚಿ ಬರುತ್ತದೆ, ಫಲಕ ಬರುತ್ತದೆ, ಫಲಕದ ಮುಂದೆ ನಿಂತು ತೆಗೆಸಿಕೊಳ್ಳುವ ಫೋಟೋ ಬರುತ್ತದೆ. ಮೇಜಿನ ಹಿಂದೆ ಕೂರುವ ಹೆಣ್ಣುಮಗಳಿಗೆ ಸಂಬಳ ಬೇರೆ ಲೆಕ್ಕಶೀರ್ಷಿಕೆಯಲ್ಲಿ ಬರಬೇಕು. ಅದು ರಾಜ್ಯದ ಪಾಡು. ಪೊಲೀಸ್ ಎನ್ನುವುದು ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ರಾಜ್ಯಪಟ್ಟಿಯ ವಿಷಯ. ಮೇಜು ಮಾತ್ರ ಕೇಂದ್ರದ್ದು.

ಜೆರಾಕ್ಸ್ ಅಂಗಡಿಯ ಜಗಲಿಯ ಮೇಲೆ ನನಗೆ ಸಿಕ್ಕಿದ್ದು ನಮ್ಮೂರಿನ ನಿವೃತ್ತ ದಫೇದಾರರು. ಮೂವತ್ತೈದು ವರ್ಷ ಠಾಣೆಗಳಲ್ಲಿ ಸವೆದವರು. ಈಗ ದಿನಾ ಬೆಳಿಗ್ಗೆ ಬಂದು ಇಲ್ಲಿ ಕೂತು, ಒಳಗೆ ಹೋಗುವವರ ಮುಖ ನೋಡಿಯೇ ಸೆಕ್ಷನ್ ಹೇಳುತ್ತಾರೆ. ಮೇಜಿನ ಕತೆ ಹೇಳಿದಾಗ ನಕ್ಕರು.

"ಮೇಷ್ಟ್ರೇ, ನೀವು ಸ್ಕೂಲಲ್ಲಿ ಪಾಠ ಮಾಡಿದ್ದೀರಾ ಅನ್ನೋದಕ್ಕೆ ಸಾಕ್ಷಿ ಏನು?"

"ಹುಡುಗರು ಪಾಸಾಗೋದು."

"ಅಲ್ಲ. ಹಾಜರಿ ಪುಸ್ತಕ. ನಮ್ಮಲ್ಲಿ ಅದಕ್ಕೆ ಯುಸಿ ಅಂತಾರೆ."

ಯುಸಿ ಅಂದರೆ ಹಣ ಬಳಕೆ ಪ್ರಮಾಣಪತ್ರ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದರ ಮಹಿಮೆ ಗೊತ್ತು. ಕೇಂದ್ರದಿಂದ ಬಂದ ಅನುದಾನವನ್ನು ಯಾವ ಉದ್ದೇಶಕ್ಕೆ ಕೊಟ್ಟರೋ ಅದೇ ಉದ್ದೇಶಕ್ಕೆ ಬಳಸಿದ್ದೇವೆ ಎಂದು ನಮೂನೆ 12-ಸಿಯಲ್ಲಿ ಸಹಿ ಹಾಕಿ ಕಳಿಸಬೇಕು. ಕಳಿಸದಿದ್ದರೆ ಮುಂದಿನ ಕಂತು ಇಲ್ಲ. ಆದ್ದರಿಂದ ಅನುದಾನ ಬಂದ ದಿನದಿಂದ ಇಲಾಖೆ ಹಗಲಿರುಳು ದುಡಿಯುವುದು ಅಪರಾಧದ ವಿರುದ್ಧ ಎಂದು ತಿಳಿಯಬೇಡಿ. ಮಾರ್ಚ್ 31ರ ವಿರುದ್ಧ. ಕಳ್ಳ ಇವತ್ತು ಸಿಗದಿದ್ದರೆ ನಾಳೆ ಸಿಕ್ಕಾನು. ಹಣ ವಾಪಸು ಹೋದರೆ ತಿರುಗಿ ಬರುವುದಿಲ್ಲ.

ಇಷ್ಟು ಎಚ್ಚರವಿದ್ದೂ ಹಣ ಖರ್ಚೇ ಆಗುವುದಿಲ್ಲ ಎಂಬುದು ಈ ಪುರಾಣದ ಎರಡನೇ ಅಧ್ಯಾಯ.

2012ರ ಡಿಸೆಂಬರ್ 16ರಂದು ದೆಹಲಿಯಲ್ಲಿ ಏನು ನಡೆಯಿತೆಂದು ಯಾರಿಗೂ ನೆನಪಿಸಬೇಕಿಲ್ಲ. ಆ ಅತ್ಯಾಚಾರದ ಬೆನ್ನಲ್ಲೇ ರಚನೆಯಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಸುಮಾರು 80 ಸಾವಿರ ಸಲಹೆಗಳನ್ನು ತರಿಸಿಕೊಂಡು 29 ದಿನಗಳಲ್ಲಿ ವರದಿ ಕೊಟ್ಟಿತು. ಸಮಿತಿಗಳು ಅವಧಿ ವಿಸ್ತರಣೆ ಕೇಳಲೆಂದೇ ಹುಟ್ಟುವ ದೇಶದಲ್ಲಿ ಇದೊಂದು ಅಪಚಾರ. ಪೊಲೀಸ್ ವ್ಯವಸ್ಥೆ ಸುಧಾರಿಸಿ, ಸುಪ್ರೀಂ ಕೋರ್ಟ್ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದನ್ನು ಜಾರಿ ಮಾಡಿ ಎಂದು ಆ ವರದಿ ಒತ್ತಿ ಹೇಳಿತು. ವರದಿ ಕೈಸೇರಿದ್ದು 2013ರ ಜನವರಿ 23ಕ್ಕೆ. ಫೆಬ್ರವರಿ 28ಕ್ಕೆ ಹಣಕಾಸು ಸಚಿವ ಪಿ. ಚಿದಂಬರಂ ಬಜೆಟ್ಟಿನಲ್ಲಿ 1,000 ಕೋಟಿಯ ನಿರ್ಭಯಾ ನಿಧಿ ಘೋಷಿಸಿದರು. ಒಂದು ಕಡೆ ಮಾಡಬೇಕಾದ ಕೆಲಸಗಳ ಉದ್ದದ ಪಟ್ಟಿ, ಇನ್ನೊಂದು ಕಡೆ ಹಣದ ಥೈಲಿ. ಸರ್ಕಾರ ಥೈಲಿಯನ್ನು ಆರಿಸಿಕೊಂಡಿತು. ಮೇಜು ಕುಟ್ಟಿ ಸ್ವಾಗತಿಸಲು ಅದೇ ಅನುಕೂಲ.

ಥೈಲಿ ಬಿಚ್ಚುವುದು ಹೇಗೆ ಎಂದು ಯಾರಿಗೂ ತಿಳಿಯಲಿಲ್ಲ. 2019ರ ನವೆಂಬರಿನಲ್ಲಿ ಲೋಕಸಭೆಗೆ ಕೊಟ್ಟ ಉತ್ತರ ನೋಡಿ: ಕರ್ನಾಟಕಕ್ಕೆ ಸಿಕ್ಕಿದ್ದು 191.72 ಕೋಟಿ, ಖರ್ಚಾಗಿದ್ದು 13.62 ಕೋಟಿ. ನೂರು ರೂಪಾಯಿ ಕೊಟ್ಟು ಸಂತೆಗೆ ಕಳಿಸಿದರೆ ಏಳು ರೂಪಾಯಿಯ ಕೊತ್ತಂಬರಿ ಸೊಪ್ಪು ತಂದ ಹಾಗೆ. ನಾಚಿಕೊಳ್ಳಬೇಡಿ, ನಾವು ವಾಸಿ. ಮಹಾರಾಷ್ಟ್ರಕ್ಕೆ 149 ಕೋಟಿ ಕೊಟ್ಟಿದ್ದರು. ಆ ಲೆಕ್ಕದ ಪ್ರಕಾರ ಅಲ್ಲಿ ಖರ್ಚಾಗಿದ್ದು ಸೊನ್ನೆ. ಸೊಪ್ಪೂ ತಂದಿರಲಿಲ್ಲ.

ಬೆಂಗಳೂರಿನ ಕತೆಯನ್ನು ಸ್ವಲ್ಪ ಸಾವಕಾಶವಾಗಿ ಹೇಳಬೇಕು. 2018ರಲ್ಲಿ ಇದೇ ನಿಧಿಯಿಂದ ದೇಶದ ಎಂಟು ಮಹಾನಗರಗಳನ್ನು 'ಸೇಫ್ ಸಿಟಿ' ಮಾಡುವುದೆಂದು ತೀರ್ಮಾನವಾಯಿತು. ಬೆಂಗಳೂರಿಗೆ 667 ಕೋಟಿ. ಇದರಲ್ಲೂ ಕೇಂದ್ರದ್ದು 60, ರಾಜ್ಯದ್ದು 40. ಹಣ ಬಂತು ಎಂದ ಕೂಡಲೇ ನಗರ ಸುರಕ್ಷಿತವಾಗುತ್ತದೆ ಎಂದುಕೊಂಡವರಿಗೆ ಟೆಂಡರ್ ಎಂಬ ಕಣಿವೆ ಕಾಣಿಸಿರಲಿಲ್ಲ. ಟೆಂಡರ್ ಕರೆದರು, ರದ್ದು ಮಾಡಿದರು, ಮತ್ತೆ ಕರೆದರು. 2020ರ ಡಿಸೆಂಬರಿನಲ್ಲಿ ಇಬ್ಬರು ಹಿರಿಯ ಐಪಿಎಸ್ ಅಧಿಕಾರಿಗಳು ಈ ಟೆಂಡರಿನ ಮೇಲೆ ಪತ್ರಿಕೆಗಳ ಮೊದಲ ಪುಟದಲ್ಲೇ ಕಿತ್ತಾಡಿದರು. ಹೆಣ್ಣುಮಕ್ಕಳನ್ನು ಯಾರಿಂದ ಕಾಪಾಡಬೇಕು ಎಂಬ ಪ್ರಶ್ನೆ ಪಕ್ಕಕ್ಕೆ ಸರಿದು, ಟೆಂಡರನ್ನು ಯಾರಿಂದ ಕಾಪಾಡಬೇಕು ಎಂಬುದೇ ನಾಡಿನ ಚರ್ಚೆಯಾಯಿತು. ವರ್ಷದ ಕೊನೆಯ ದಿನ ಇಬ್ಬರಿಗೂ ವರ್ಗಾವಣೆ. ಒಬ್ಬರನ್ನು ಕರಕುಶಲ ಅಭಿವೃದ್ಧಿ ನಿಗಮಕ್ಕೆ ಕಳಿಸಿದರು. ಕೈಚಳಕದ ವಿಚಾರಣೆಯನ್ನು ಕರಕುಶಲಕ್ಕೆ ಒಪ್ಪಿಸಿದ ಸರ್ಕಾರದ ಹಾಸ್ಯಪ್ರಜ್ಞೆಗೆ ನನ್ನಂಥ ವ್ಯಂಗ್ಯ ಬರಹಗಾರರು ಹೊಟ್ಟೆಕಿಚ್ಚು ಪಡಬೇಕು.

2021ರಲ್ಲಿ ಗುತ್ತಿಗೆ ಕೊಟ್ಟರು. 2023ರ ನವೆಂಬರಿನಲ್ಲಿ ಕಮಾಂಡ್ ಸೆಂಟರಿನ ರಿಬ್ಬನ್ ಕತ್ತರಿಸಿದರು. ನಿಧಿ ಘೋಷಣೆಯಾದ 2013ರಲ್ಲಿ ಒಂದನೇ ತರಗತಿಗೆ ಸೇರಿದ ಹುಡುಗಿ ರಿಬ್ಬನ್ ಬೀಳುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಬಸ್ಸು ಹತ್ತುತ್ತಿದ್ದಳು. ಹತ್ತು ವರ್ಷ ಅವಳನ್ನು ಕಾಪಾಡಿದ್ದು ಯಾರು? ಅವಳ ಅಮ್ಮ, ಪಕ್ಕದ ಮನೆಯವರು, ಒಂದಷ್ಟು ಅದೃಷ್ಟ. ಈ ಮೂವರಿಗೂ ಅನುದಾನ ಇಲ್ಲ. ಹಾಗಾಗಿ ಯುಸಿ ಕೊಡುವ ತಾಪತ್ರಯವೂ ಇಲ್ಲ.

ಈಗ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ಬೆಂಗಳೂರಿನ ಕಂಬಗಳ ಮೇಲಿವೆ. ಕ್ಯಾಮೆರಾ ಬೇಡ ಎನ್ನುವ ಹಟ ನನಗಿಲ್ಲ. ಆದ ಮೇಲೆ ಯಾರು ಮಾಡಿದ್ದು ಎಂದು ಹುಡುಕಲು ಅದರಷ್ಟು ಉಪಕಾರಿ ಇನ್ನೊಂದಿಲ್ಲ. ಆದರೆ ಅನುದಾನದ ಕಡತದಲ್ಲಿ ಬರೆದಿರುವುದು 'ಅಪರಾಧ ತಡೆ' ಎಂದು. ಕ್ಯಾಮೆರಾ ಕಂಬದಿಂದ ಇಳಿದು ಬಂದು, "ಏಯ್, ಬಿಡೋ ಅವಳ ಕೈನ" ಎನ್ನುವುದಿಲ್ಲ. ಅದನ್ನು ಹೇಳಬೇಕಾದವನು ಬೀಟ್ ಪೊಲೀಸ್, ಅವನು ಬಂದೋಬಸ್ತಿನಲ್ಲಿದ್ದಾನೆ. ಸಂಜೆಯ ಟಿವಿಯಲ್ಲಿ ಮಾತ್ರ ಕೆಂಪು ವೃತ್ತ ಹಾಕಿ ತೋರಿಸುತ್ತಾರೆ: 'ಕಳ್ಳನ ಕೈಚಳಕ ಸಿಸಿಟಿವಿಯಲ್ಲಿ ಸೆರೆ'. ಕನ್ನಡದ ಸುದ್ದಿವಾಹಿನಿಗಳ ಈ ವಾಕ್ಯವನ್ನು ನಾನು ಮೊದಲು ನಂಬಿದ್ದೆ. ಆಮೇಲೆ ತಿಳಿಯಿತು, ಸೆರೆಯಾಗಿದ್ದು ಕೈಚಳಕ ಮಾತ್ರ. ಕೈ ಮತ್ತು ಕಳ್ಳ ಎರಡೂ ಹೊರಗಿವೆ.

ಇದರ ಜೊತೆಗೆ 'ಸುರಕ್ಷಾ ದ್ವೀಪ'ಗಳು ಬಂದವು. ರಸ್ತೆಬದಿಯ ಗೂಡು, ಅದರಲ್ಲೊಂದು ಗುಂಡಿ. ಆಪತ್ತು ಬಂದ ಹೆಣ್ಣುಮಗಳು ಓಡಿ ಬಂದು ಒತ್ತಿದರೆ ಕಂಟ್ರೋಲ್ ರೂಮಿನವರು ಮಾತಾಡುತ್ತಾರೆ. ಬೆಂಗಳೂರಿಗೆ ದ್ವೀಪ ಎಂಬ ಹೆಸರನ್ನು ಯಾರು ಸೂಚಿಸಿದರೋ, ಅವರು ಮಳೆಗಾಲದಲ್ಲಿ ಆ ನಗರವನ್ನು ಕಣ್ಣಾರೆ ಕಂಡವರೇ ಇರಬೇಕು. ಫುಟ್‌ಪಾತಿನ ಕಿತ್ತ ಚಪ್ಪಡಿ, ತೆರೆದ ಚರಂಡಿ, ನಿಲ್ಲಿಸಿದ ಬೈಕುಗಳ ಸಾಲು ದಾಟಿ ಆ ಗುಂಡಿ ತಲುಪುವ ತಾಕತ್ತಿದ್ದವಳಿಗೆ ಬೆನ್ನಟ್ಟಿದವನಿಂದ ತಪ್ಪಿಸಿಕೊಳ್ಳುವುದು ದೊಡ್ಡದಲ್ಲ.

ಲಖನೌದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೆಣ್ಣುಮಗಳ ಮುಖದಲ್ಲಿ ಆತಂಕ ಕಂಡರೆ ತಾನಾಗಿಯೇ ಠಾಣೆಗೆ ಸುದ್ದಿ ಮುಟ್ಟಿಸುವ ಕ್ಯಾಮೆರಾಗಳನ್ನು 200 ಕಡೆ ಹಾಕುತ್ತೇವೆ ಎಂದು 2021ರ ಜನವರಿಯಲ್ಲಿ ಅಲ್ಲಿನ ಪೊಲೀಸರು ಸಾರಿದರು. ನಾನು ಈ ಯಂತ್ರವನ್ನು ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಸಂಜೆ ಆರೂವರೆಗೆ ಕಲ್ಪಿಸಿಕೊಂಡು ನೋಡಿದೆ. ಮನೆಯಲ್ಲಿ ಮಗುವಿಗೆ ಜ್ವರ, ಬಸ್ಸು ಬಂದಿಲ್ಲ, ಬಂದದ್ದರಲ್ಲಿ ಕಾಲಿಡಲು ಜಾಗವಿಲ್ಲ, ಮೊಬೈಲಿನಲ್ಲಿ ಚಾರ್ಜಿಲ್ಲ. ನಗುಮುಖದ ಹೆಂಗಸೊಬ್ಬಳು ಕಂಡರೆ ಅವಳನ್ನೇ ಸಂಶಯದ ಮೇಲೆ ವಿಚಾರಿಸಬೇಕಾದೀತು.

ಮುಂಬಯಿಯದು ಬೇರೆಯೇ ರೀತಿ. ಆ ಸೊನ್ನೆಯ ಅವಮಾನ ತಟ್ಟಿತೋ ಏನೋ, 2022ರ ಜೂನ್‌ನಲ್ಲಿ ಅಲ್ಲಿನ ಪೊಲೀಸರು ನಿರ್ಭಯಾ ನಿಧಿಯ 30 ಕೋಟಿಗೂ ಹೆಚ್ಚು ಹಣದಲ್ಲಿ 220 ಬೊಲೆರೋ, ಜೊತೆಗೆ ಎರ್ಟಿಗಾ, ಪಲ್ಸರ್, ಆಕ್ಟಿವಾಗಳನ್ನು ಕೊಂಡರು. ಒಳ್ಳೆಯದೇ. ಅಷ್ಟರಲ್ಲಿ ಅಲ್ಲಿ ಸರ್ಕಾರ ಬದಲಾಯಿತು. ಪಕ್ಷ ಒಡೆದು ಬಂದ ಶಾಸಕರಿಗೆ, ಸಂಸದರಿಗೆ ವೈ-ಪ್ಲಸ್ ಭದ್ರತೆ ಬೇಕಾಯಿತು. ಹೊಚ್ಚ ಹೊಸ ಬೊಲೆರೋಗಳಲ್ಲಿ 47 ಅವರ ಹಿಂದೆ ಮುಂದೆ ಓಡಲು ಹೋದವು. ಡಿಸೆಂಬರಿನಲ್ಲಿ ಪತ್ರಿಕೆಯೊಂದು ಅದನ್ನು ಬಯಲಿಗೆಳೆಯಿತು. ಗದ್ದಲವೋ ಗದ್ದಲ. ನನಗಂತೂ ತಕರಾರು ಕಾಣಲಿಲ್ಲ. ರಾತ್ರಿ ಹೊತ್ತು ಒಂಟಿಯಾಗಿ ಓಡಾಡಲು ಹೆದರುವವರಿಗಾಗಿ ಮಾಡಿದ ನಿಧಿ ತಾನೆ? ಗುವಾಹಟಿಯ ಹೋಟೆಲಿನಿಂದ ಮನೆಗೆ ಮರಳಿದ ಶಾಸಕನಷ್ಟು ಭಯ ಯಾರಿಗಿರುತ್ತದೆ?

"ಅದೆಲ್ಲ ದೊಡ್ಡವರ ಮಾತು ಬಿಡಿ ಮೇಷ್ಟ್ರೇ" ಎಂದು ದಫೇದಾರರು ಎಲೆಗೆ ಸುಣ್ಣ ಸವರಿದರು. "ನಮ್ಮ ಠಾಣೆ ಮುಂದಿನ ಬ್ಯಾರಿಕೇಡ್ ನೋಡಿ, ಏನಂತ ಬರೆದೈತೆ?"

ನೋಡಿದೆ. 'ನಿಧಾನವಾಗಿ ಚಲಿಸಿ' ಎಂಬುದು ಬೆರಳಗಲ. ಅದರ ಮೇಲೆ ಮೊಳದುದ್ದದ ಅಕ್ಷರದಲ್ಲಿ ಒಂದು ಜವಳಿ ಅಂಗಡಿ, ಕೆಳಗೆ ಒಂದು ಚಿನ್ನದಂಗಡಿ. ಇದು ತಾಲ್ಲೂಕು ಮಟ್ಟದ ಅನುದಾನ ಪದ್ಧತಿ. ಇದಕ್ಕೆ ನಮೂನೆ ಇಲ್ಲ, ಕಂತು ಇಲ್ಲ, ಮಾರ್ಚ್ 31 ಇಲ್ಲ. ಠಾಣೆಯ ನೀರಿನ ಫಿಲ್ಟರ್ ಒಬ್ಬ ದಾನಿಯದು, ಗಣಪತಿ ಹಬ್ಬದ ಬಂದೋಬಸ್ತಿನ ಊಟ ಇನ್ನೊಬ್ಬರದು, ಮುಖ್ಯರಸ್ತೆಯ ನಾಲ್ಕು ಕ್ಯಾಮೆರಾ ವರ್ತಕರ ಸಂಘದ್ದು. ಜನ ಗುಂಪುಗೂಡುವ ಅಂಗಡಿಗಳವರು ಕ್ಯಾಮೆರಾ ಹಾಕಿಸಲೇಬೇಕೆಂದು ನಮ್ಮ ರಾಜ್ಯದಲ್ಲಿ 2017ರ ಕಾಯ್ದೆಯೊಂದಿದೆ. ಜನ ಸೇರುವ ಜಾಗಗಳ ಮಾಲೀಕರು ಚಿತ್ರಗಳನ್ನು 30 ದಿನ ಕಾದಿಡಬೇಕು. ಹೀಗಾಗಿ ಕಳವಾದ ಮೇಲೆ ಪೊಲೀಸರ ಮೊದಲ ಪ್ರಶ್ನೆ, "ಕ್ಯಾಮೆರಾ ಹಾಕ್ಸಿದ್ದೀರಾ?" ನನಗೂ ಕೇಳಿದರು. ತೋಟಕ್ಕೆ ಹಾಕಿಸಬೇಕಿತ್ತಂತೆ. "ಹಾಕಿಸೋಣ ಸಾರ್, ಅದಕ್ಕೂ ಕೇಬಲ್ ಬೇಕಲ್ಲ" ಎಂದೆ. ಸಬ್ ಇನ್ಸ್‌ಪೆಕ್ಟರ್ ನಗಲಿಲ್ಲ. ಅವರು ಠಾಣೆಗೆ ಹೊಸಬರು.

ಹೊಸಬರು ಎಂದು ತಿಳಿದದ್ದು ಅವರ ಕುರ್ಚಿಯ ಹಿಂದಿನ ಮರದ ಫಲಕದಿಂದ. ಠಾಣೆಯಲ್ಲಿ ಸೇವೆ ಸಲ್ಲಿಸಿದ ಸಬ್ ಇನ್ಸ್‌ಪೆಕ್ಟರುಗಳ ಹೆಸರು, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಹಳದಿ ಬಣ್ಣದಲ್ಲಿ ಬರೆಸಿದ್ದರು. ಕಾಯುವಾಗ ಓದಲು ಇನ್ನೇನೂ ಇರಲಿಲ್ಲ, ಲೆಕ್ಕ ಹಾಕಿದೆ. ಹದಿನಾಲ್ಕು ತಿಂಗಳು, ಒಂಬತ್ತು ತಿಂಗಳು, ಹನ್ನೊಂದು ತಿಂಗಳು, ನಾಲ್ಕು ತಿಂಗಳು. ಫಲಕದಲ್ಲಿ ಜಾಗ ಮುಗಿದು ಪಕ್ಕದಲ್ಲಿ ಇನ್ನೊಂದು ಫಲಕ ಮೊಳೆ ಹೊಡೆದಿದ್ದರು. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಇರಲು ಬಿಡಿ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತ್ತು. ಇದಕ್ಕೆ ಎಷ್ಟು ಖರ್ಚು? ಬಿಡಿಗಾಸಿಲ್ಲ. ಸುಮ್ಮನೆ ವರ್ಗಾವಣೆ ಮಾಡದೆ ಕೈಕಟ್ಟಿ ಕೂತರೆ ಸಾಕು. ಆದರೆ ಕೈಕಟ್ಟಿ ಕೂರುವುದಕ್ಕೆ ಟೆಂಡರ್ ಕರೆಯಲಾಗುವುದಿಲ್ಲ, ಉದ್ಘಾಟನೆಯೂ ಇಲ್ಲ. ವರ್ಗಾವಣೆಗಾದರೆ ಸ್ವಂತದ್ದೇ ಒಂದು ಮಾರುಕಟ್ಟೆ ಇದೆ ಎಂದು ಜನ ಆಡಿಕೊಳ್ಳುತ್ತಾರೆ. ನಾನು ಆಡಿಕೊಳ್ಳುವುದಿಲ್ಲ, ನನ್ನ ಕೇಬಲ್ ಇನ್ನೂ ಸಿಕ್ಕಿಲ್ಲ.

ಇನ್ನೊಂದು ಖರ್ಚಿಲ್ಲದ ಬಾಬತ್ತು ಹೇಳುತ್ತೇನೆ. 2013ರಲ್ಲಿ, ಅಂದರೆ ನಿಧಿ ಹುಟ್ಟಿದ ಅದೇ ವರ್ಷದ ನವೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ ಒಂದು ಆದೇಶ ಕೊಟ್ಟಿತು: ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು. ತೀರಾ ಅಲ್ಪ ಬೆಲೆಯದ್ದು ಬಿಟ್ಟರೆ ಕಳವು ಸಂಜ್ಞೇಯ. ನನಗೆ ಸಿಕ್ಕಿದ್ದು ಹಿಂಬರಹ. 'ತಮ್ಮ ಅರ್ಜಿ ಸ್ವೀಕರಿಸಲಾಗಿದ್ದು ವಿಚಾರಣೆಯಲ್ಲಿರುತ್ತದೆ.' ಕನ್ನಡ ಆಡಳಿತ ಭಾಷೆಯ ಅತ್ಯುತ್ತಮ ಸಣ್ಣಕತೆ ಇದು. ಆರಂಭ ಇದೆ, ಅಂತ್ಯ ಇಲ್ಲ. ಜೊತೆಗೆ ನಾನು ಕೊಂಡೊಯ್ದ ಹಾಳೆಯ ಮೇಲೇ ಅಚ್ಚಾಗಿತ್ತು.

ಯಾಕೆ ಎಫ್‌ಐಆರ್ ಮಾಡಲ್ಲ ಎಂದು ದಫೇದಾರರನ್ನು ಕೇಳಿದೆ.

"ಮಾಡಿದ್ರೆ ತಿಂಗಳ ಪಟ್ಟಿಯಲ್ಲಿ ಒಂದು ಕಳವು ಜಾಸ್ತಿ ಆಗುತ್ತೆ. ಪತ್ತೆ ಆಗಿಲ್ಲ ಅಂದ್ರೆ ಕ್ರೈಂ ಮೀಟಿಂಗ್‌ನಾಗೆ ಸಾಹೇಬ್ರು ಉಗೀತಾರೆ. ಪೂರ್ತಿ ಮಾಡ್ದೇನೇ ಇದ್ರೆ ಈ ಠಾಣೆಗೆ ಜನ ಯಾಕೆ, ಜೀಪ್ ಯಾಕೆ ಅಂತಾರೆ. ಅದಕ್ಕೇ ಹಿಂದಿನ ವರ್ಷದಷ್ಟೇ, ಒಂದೆರಡು ಕಮ್ಮಿ. ಬೆಂಕಿ ಆರಲೂ ಬಾರದು, ಮನೆ ಸುಡಲೂ ಬಾರದು."

ಇದೊಂದು ಶಾಸ್ತ್ರ. ಅಪರಾಧ ಹೆಚ್ಚಿದರೆ ಇಲಾಖೆ ಸೋತಿತು, ಕಡಿಮೆಯಾದರೆ ಅನುದಾನ ಸೋತಿತು. ನಡುವೆ ಹಗ್ಗದ ಮೇಲೆ ನಡೆಯುವ ಡೊಂಬರಾಟವನ್ನು ನಮ್ಮ ರೈಟರುಗಳು ಒಂದು ಪೆನ್ನಿನಿಂದ, ಅದೂ ದೂರುದಾರನ ಪೆನ್ನಿನಿಂದ ನಡೆಸಿಕೊಂಡು ಬಂದಿದ್ದಾರೆ. ವ್ಯಂಗ್ಯ ಬಿಟ್ಟು ಒಂದು ಮಾತು: ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ರೈಟರ್ ಹಿಂದಿನ ರಾತ್ರಿಯೂ ಮನೆಗೆ ಹೋಗಿರಲಿಲ್ಲ. ಬೆಂಚಿನ ಕೆಳಗೆ ಅವರ ಚಾಪೆ ಸುತ್ತಿಟ್ಟಿತ್ತು, ಅದರೊಳಗೆ ಒಂದು ಹವಾಯಿ ಚಪ್ಪಲಿ. ಯಾವ ಯೋಜನಾ ವರದಿಯಲ್ಲೂ ಆ ಚಾಪೆಗೆ ಒಂದು ಸಾಲು ಇರಲಿಕ್ಕಿಲ್ಲ.

ಪೊಲೀಸ್ ಪಡೆಗಳ ಆಧುನೀಕರಣ ಎಂಬ ಯೋಜನೆ ಶುರುವಾಗಿದ್ದು 1969-70ರಲ್ಲಿ. ಅರ್ಧ ಶತಮಾನ ದಾಟಿದರೂ ಅದು ಆಧುನಿಕವಾಗಿಯೇ ಇದೆ. 2021-22ರಿಂದ 2025-26ರವರೆಗಿನ ಐದು ವರ್ಷಕ್ಕೆ ಇದರ ಮತ್ತು ಇದರ ಕೊಡೆಯಡಿಯ ಯೋಜನೆಗಳ ಪಾಲು 26,275 ಕೋಟಿ. ನಮ್ಮಲ್ಲಿ 2025ರಲ್ಲಿ ಆಧುನೀಕರಣ ಕೊನೆಗೂ ತಲೆಗೇರಿತು. ಕಾನ್‌ಸ್ಟೇಬಲ್‌ಗಳ ಹಳೆಯ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂತು. ಅದೇ ವರ್ಷ 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮವೂ ಬಂತು: ಪೊಲೀಸರು ತಮ್ಮ ಬೀಟಿನ ಮನೆಗಳಿಗೆ ಹೋಗಿ ಜನರ ಕಷ್ಟ ಕೇಳಬೇಕು. ಬಹಳ ಒಳ್ಳೆಯದು, ಖರ್ಚೂ ಇಲ್ಲ. ಆದ್ದರಿಂದಲೇ ನನಗೆ ಅದರ ಆಯುಷ್ಯದ ಬಗ್ಗೆ ಚಿಂತೆ.

ನಮ್ಮ ತಾತನ ಕಾಲದಲ್ಲಿ ಈ ಕೆಲಸಕ್ಕೆ ಊರಿಗೊಬ್ಬ ತಳವಾರನಿದ್ದ. ಅವನಿಗೂ ಅನುದಾನವಿತ್ತು: ಇನಾಂ ಜಮೀನು, ಸುಗ್ಗಿಯಲ್ಲಿ ಕಣದಿಂದ ಆಯ. ರಾತ್ರಿ ಕೋಲು ಕುಟ್ಟುತ್ತಾ ಊರು ಸುತ್ತುತ್ತಿದ್ದ. ಕಳವಾದರೆ ಹೆಜ್ಜೆಯ ಜಾಡು ಹಿಡಿದು ಹುಡುಕಬೇಕು. ಇಲ್ಲವೇ ಜಾಡು ಊರ ಗಡಿ ದಾಟಿದೆ ಎಂದು ಪಕ್ಕದೂರಿನ ತಳವಾರನಿಗೆ ತೋರಿಸಿ ಒಪ್ಪಿಸಬೇಕು ಎಂದು ತಾತ ಹೇಳುತ್ತಿದ್ದರು. ಕಣದಲ್ಲಿ ಆಯ ಅಳೆಯುವ ರೈತನೇ ಅವನ ಯುಸಿ. ಮೊರದ ರಾಗಿ ಹೆಚ್ಚುಕಡಿಮೆಯಾದರೆ ಯಾಕೆಂದು ಇಬ್ಬರಿಗೂ ಗೊತ್ತಿರುತ್ತಿತ್ತು. ಆ ಕಾಲ ಚೆನ್ನಾಗಿತ್ತು ಎಂದು ಹಾಡಲು ನಾನು ಸಿದ್ಧನಿಲ್ಲ. ತಳವಾರಿಕೆ ಜಾತಿಗೆ ಗಂಟುಬಿದ್ದ ಚಾಕರಿ. ಊರಿನ ಬಿಟ್ಟಿ ಕೆಲಸವೆಲ್ಲ ಅವನ ತಲೆಗೇ. 1961ರ ಕಾಯ್ದೆ ಅಂಥ ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು ರದ್ದುಮಾಡಿದ್ದು ಸರಿಯೇ. ಚಾಕರಿ ಹೋಗಲಿ, ಗಸ್ತು ಇರಲಿ ಎಂದು ಯಾರಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಗಸ್ತು ಹೋಯಿತು, ಚಾಕರಿ ಬಂದೋಬಸ್ತ್ ಎಂಬ ಹೆಸರಿನಲ್ಲಿ ಉಳಿಯಿತು.

ಆದ್ದರಿಂದ ನಾನು ಸರ್ಕಾರಕ್ಕೆ ಒಂದು ಯೋಜನಾ ವರದಿ ಕಳಿಸಬೇಕೆಂದಿದ್ದೇನೆ. ಹೆಸರು: 'ನಡೆಯದ ಅಪರಾಧಗಳ ಉತ್ತೇಜನ ನಿಧಿ'. ಠಾಣೆ ವ್ಯಾಪ್ತಿಯಲ್ಲಿ ಆಗದ ಕಳವು, ಹರಿಯದ ಸರ, ಏಳದ ಜಗಳಗಳಿಗೆ ತಲಾ ಇಂತಿಷ್ಟು ಅನುದಾನ. ಆಗದ ಕಳವಿನ ಸ್ಥಳ ಮಹಜರು ನಡೆಸಿ, ಏನೂ ಆಗಿಲ್ಲವೆಂದು ಇಬ್ಬರು ಪಂಚರ ಸಹಿ ತೆಗೆದುಕೊಳ್ಳಬೇಕು. ಕಳುವಾಗದ ಮಾಲನ್ನು ಫೋಟೋ ತೆಗೆದು, ಮಾಲೀಕನಿಗೇ ಸಮಾರಂಭದಲ್ಲಿ ಹಸ್ತಾಂತರಿಸಬೇಕು. ದಫೇದಾರರಿಗೆ ಓದಿ ಹೇಳಿದೆ. ತುಂಬ ಹೊತ್ತು ಯೋಚಿಸಿ, "ಇದರಾಗೆ ಖರೀದಿ ಏನೂ ಇಲ್ವಲ್ಲ ಮೇಷ್ಟ್ರೇ. ಒಂದು ಸಾಫ್ಟ್‌ವೇರ್ ಆದ್ರೂ ಸೇರ್ಸಿ, ಇಲ್ಲದಿದ್ರೆ ಫೈಲ್ ಮೇಲಕ್ಕೆ ಹೋಗಲ್ಲ" ಎಂದರು. ಸೇರಿಸಿದ್ದೇನೆ.

ಇತ್ತ ಕೇಬಲ್ ವಿಷಯ. ಕಳ್ಳರು ನಮ್ಮ ತೋಟವನ್ನೇ ಯಾಕೆ ಆರಿಸಿಕೊಂಡರು ಎಂದು ಪಕ್ಕದ ತೋಟದವರೂ ನಾನೂ ಒಂದು ಸಂಜೆ ನಿಂತು ನೋಡಿದೆವು. ಕಾರಣ ನೆತ್ತಿಯ ಮೇಲೇ ಇತ್ತು. ರಸ್ತೆ ತಿರುವಿನ ಕಂಬದ ಬಲ್ಬು ಹೋಗಿ ಎಷ್ಟೋ ತಿಂಗಳಾಗಿತ್ತು. ಪಂಚಾಯಿತಿಗೆ ಹೇಳಿದ್ದೆವು; ಕ್ರಿಯಾಯೋಜನೆಯಲ್ಲಿ ಸೇರಿಸಿದ್ದೇವೆ ಎಂದಿದ್ದರು. ಕೊನೆಗೆ ಇಬ್ಬರೂ ಸೇರಿ ಒಂದು ಎಲ್‌ಇಡಿ ಬಲ್ಬು ತಂದು, ಲೈನ್‌ಮನ್ ಹುಡುಗನಿಗೆ ಕಾಫಿ ಕೊಡಿಸಿ ಹಾಕಿಸಿದೆವು. ಬಲ್ಬಿಗೆ 180 ರೂಪಾಯಿ, ಕಾಫಿಗೆ 30. ಪಾಲು 50:50. ಅಲ್ಲಿಂದ ಈಚೆಗೆ ಆ ತಿರುವಿನಲ್ಲಿ ಕೇಬಲ್ ಹೋಗಿಲ್ಲ. ಸಂಜೆ ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳು ಮೊದಲು ಸುತ್ತು ಹಾಕಿ ಊರೊಳಗಿನಿಂದ ಹೋಗುತ್ತಿದ್ದವರು ಈಗ ಇದೇ ದಾರಿಯಲ್ಲಿ ಬರುತ್ತಿದ್ದಾರೆ.

ರಸೀದಿ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. 210 ರೂಪಾಯಿಯ ಯುಸಿ ಯಾರಿಗೆ ಸಲ್ಲಿಸಬೇಕು ಎಂದು ಬಲ್ಲವರು ದಯವಿಟ್ಟು ತಿಳಿಸಿ. ಮಾರ್ಚ್ ಹತ್ತಿರ ಬರುತ್ತಿದೆ.